ಅತ್ತಿಗೆ ಮಾಡುವ ತಪ್ಪು

ಎಷ್ಟು ಗದರಿದರೂ ಪುಸ್ತಕ ಮುಟ್ಟದಿದ್ದ ನನ್ನ ಒಂಬತ್ತು ವರ್ಷದ ಮಗಳು ಗುಬ್ಬಿ, ಮೂರೇ ತಿಂಗಳಲ್ಲಿ ಹೇಳದೆಯೇ ಓದಲು ಕೂರತೊಡಗಿದಳು. ನೆರೆಯವರೆಲ್ಲ "ಪುಣ್ಯವಂತೆ ಕಣೇ ನೀನು" ಎಂದರು. ನನಗೆ ಮಾತ್ರ ಅದೇ ಮುಳ್ಳಾಗಿ ಚುಚ್ಚಿತು.

ನಾನು ಹೊಲಿಗೆ ಕಾರ್ಖಾನೆಯಿಂದ ಬರುವವರೆಗೆ ಅವಳು ಇರುತ್ತಿದ್ದುದು ಗಂಡನ ಅಕ್ಕನ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ. ಅತ್ತಿಗೆಗೆ ಮಕ್ಕಳಿಲ್ಲ. "ಗುಬ್ಬಿ ನಮ್ಮನೇಲೇ ಇದ್ದು ಓದ್ಲಿ. ಒತ್ತಾಯ ಇಲ್ಲ, ಅವಳನ್ನೇ ಕೇಳು, ಭಾನುವಾರ ಹೇಳು" ಎಂದಿದ್ದರು. ಜಗಳವಾಡಿ ಕೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಆ 'ಅವಳನ್ನೇ ಕೇಳು' ಎಂಬ ಮಾತೇ ನನ್ನ ನಿದ್ದೆ ಕೆಡಿಸಿತು. ದೇವರೇ, ಮಗಳ ಮನಸ್ಸನ್ನು ನನ್ನ ಕಡೆ ವಾಲಿಸು ಎಂದು ಬೇಡಲು ಹೋಗಿ, ಅದೂ ಒತ್ತಾಯವಾದೀತೇನೋ ಎಂದು ಸುಮ್ಮನಾದೆ.

ಶುಕ್ರವಾರ ಕಾರ್ಖಾನೆಯಿಂದ ಬೇಗ ಹೊರಟು, ಅಂಗಡಿಯ ಬಾಗಿಲಾಚೆ ರದ್ದಿ ಮೂಟೆಗಳ ಪಕ್ಕ ನಿಂತೆ. ಒಳಗೆ ಅತ್ತಿಗೆ ಪದ್ಯದ ಪುಸ್ತಕಕ್ಕೆ ಹಾಳೆಗಳನ್ನು ಜೋಡಿಸುತ್ತಿದ್ದರು, ಗುಬ್ಬಿ ಓದುತ್ತಿದ್ದಳು. ಮಡಿಸಿದ ಹಾಳೆಗಳ ಒಂದು ಕಂತೆಯ ಕೊನೆಯ ಸಾಲನ್ನೂ ಮುಂದಿನದರ ಮೊದಲ ಸಾಲನ್ನೂ ಗಟ್ಟಿಯಾಗಿ ಓದಿಸಿ ನೋಡುವುದು ಅತ್ತಿಗೆಯ ಪದ್ಧತಿ. ಕ್ರಮ ತಪ್ಪಿದರೆ ಪದ್ಯವೇ ಮುಗ್ಗರಿಸುತ್ತದೆ. ಅಜ್ಜನ ಬಾಯಿಂದ ಪದ್ಯ ಕೇಳಿ ಬೆಳೆದ ಕಿವಿ ನನ್ನದು. ನಾಲ್ಕನೆಯ ಕಂತೆ ದಾಟಿದ್ದೇ ಸಾಲು ಮುಗ್ಗರಿಸಿತು.

"ಅತ್ತೇ, ತಪ್ಪು! ಐದರ ಜಾಗಕ್ಕೆ ಏಳು ಇಟ್ಬಿಟ್ರಿ!"

"ಅಯ್ಯೋ ನನ್ನ ಕಣ್ಣಿಗಿಷ್ಟು ಬೆಂಕಿ ಹಾಕ! ನೀನಿಲ್ದಿದ್ರೆ ಅಂಗಡಿ ಮುಚ್ಬೇಕಿತ್ತು ಕಣೆ."

ಎರಡನೆಯ ಪುಸ್ತಕದಲ್ಲೂ ಅಲ್ಲೇ. ಮೂರನೆಯದರಲ್ಲೂ ಅಲ್ಲೇ. ಮೂವತ್ತು ವರ್ಷ ಪಳಗಿದ ಕೈ ಒಂದೇ ಕಡೆ ಮೂರು ಸಲ ಎಡವೀತೇ?

ಗುಬ್ಬಿ ಅಂಟು ತೊಳೆಯಲು ಹಿತ್ತಲಿನ ನಲ್ಲಿಗೆ ಹೋದದ್ದೇ ಒಳನುಗ್ಗಿದೆ.

"ಅತ್ತಿಗೆ, ಬೇಕೂಂತ್ಲೇ ತಪ್ಪು ಮಾಡ್ತಿದ್ದೀರಿ."

"ಹೂಂ ಮತ್ತೆ. ತಪ್ಪು ಹಿಡಿಯೋ ಆಸೆಗಾದ್ರೂ ಓದ್ತಾಳೆ. ನೀನು ಗದರ್ತೀಯ, ನಾನು ತಪ್ಪು ಮಾಡ್ತೀನಿ."

"ಬೆಣ್ಣೆಯಿಂದ ಕೂದ್ಲು ತೆಗೆದ ಹಾಗೆ ನನ್ನ ಮಗಳನ್ನ ತೆಕ್ಕೊಳ್ತಿದ್ದೀರಿ!"

ಅವರು ಇಲ್ಲವೆನ್ನಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, "ಅವಳನ್ನೇ ಕೇಳು" ಎಂದರು.

ಗುಬ್ಬಿಯನ್ನು ಕರೆದುಕೊಂಡು ಮನೆಗೆ ಹೋಗುವ ದಾರಿಯಲ್ಲಿ ಕೇಳಿಯೇಬಿಟ್ಟೆ. "ಅತ್ತೆ ಮನೇಲೇ ಇರ್ತೀಯೇನೇ?" ನನ್ನ ದನಿಯೂ ಎಂದಿಲ್ಲದಷ್ಟು ಮೆತ್ತಗಿತ್ತು, ನಾನೂ ಬೆಣ್ಣೆ ಹಚ್ಚುತ್ತಿದ್ದೇನೇನೋ ಎಂದು ನನಗೇ ಗುಮಾನಿ ಬಂತು.

"ಅಮ್ಮಾ, ಅತ್ತೆ ಬೇಕೂಂತ ತಪ್ಪಿಡ್ತಾರೆ, ಗೊತ್ತಾ?"

ನಾನು ನಿಂತುಬಿಟ್ಟೆ. "ನಿಂಗ್ಯಾವಾಗಿಂದ ಗೊತ್ತು?"

"ಎರಡನೇ ದಿನಾನೇ. ಹೇಳಿದ್ರೆ ಪಾಪ, ಅವರಿಗೆ ಬೇಜಾರಾಗುತ್ತೆ. ಅದಕ್ಕೇ ದಿನಾ ಹಿಡಿದುಕೊಡ್ತೀನಿ."

"ಸರಿ, ಇರ್ತೀಯೋ ಇಲ್ವೋ?"

ಅವಳು ನನ್ನ ಮುಖವನ್ನೇ ತುಸು ಹೊತ್ತು ನೋಡಿದಳು. "ಇಲ್ಲ. ಸಂಜೆ ಹೋಗ್ತೀನಿ, ನೀನು ಬಂದಾಗ ಮನೆಗೆ ಬರ್ತೀನಿ."

ಎದೆಯ ಭಾರ ಇಳಿಯಿತು. ಇಳಿದ ಗಳಿಗೆಯಲ್ಲೇ ಇನ್ನೊಂದು ಏರಿ ಕೂತಿತು.

"ಗುಬ್ಬೀ, ಇದು ನಿನ್ನ ಮನಸ್ಸಿನ ಮಾತೋ, ನಂಗೆ ಬೇಜಾರಾಗುತ್ತೆ ಅಂತ ಹೇಳಿದ್ದೋ?"

"ಗಾಡಿ ಬರ್ತಿದೆ, ನೋಡ್ಕೊಂಡು ಬಾಮ್ಮಾ" ಎಂದು ನನ್ನ ಕೈ ಹಿಡಿದು, ಮೆಲ್ಲಗೆ ರಸ್ತೆ ದಾಟಿಸಿದಳು.