ಫ್ಲೆಕ್ಸಿನ ಮ್ಯಾಲಿನ ರೂಪಾ

ಲೋಬಾನದ ಹೊಗೆ ಮೂಗಿಗೆ ಬಡಿದರೆ ಸಾಕು, ಮುಶಿಗೇರಿಯ ಹುಸೇನವ್ವನಿಗೆ ಈಗಲೂ ತವರೂರು ಜಕ್ಕಲಿಯ ಮಸೂತಿಯ ಮುಂದಿನ ಬಯಲು ಕಣ್ಣಿಗೆ ಕಟ್ಟುತ್ತದೆ.

ಅವಳ ತಾಯಿ ಮರಿಯವ್ವನಿಗೆ ಮೊದಲ ಎರಡು ಕೂಸುಗಳು ದಕ್ಕಿರಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಮೊಹರಂ ಬಂತು. ಅಲಾಯಿ ದೇವರು ಮೆರವಣಿಗೆಯಲ್ಲಿ ಬರುವಾಗ ತುಂಬು ಬಸುರಿ ದಾರಿಗೆ ಅಡ್ಡ ನಿಂತು, "ಇದೊಂದು ಉಳಿಸಿಕೊಡೋ ನಮ್ಮಪ್ಪಾ, ನಿನ್ನ ಹೆಸರs ಇಡತೇನಿ" ಎಂದು ಸೆರಗೊಡ್ಡಿದಳಂತೆ. ಉಳಿದ ಕೂಸಿಗೆ ಹುಸೇನವ್ವ ಎಂದೇ ಹೆಸರಾಯಿತು.

ಸಣ್ಣವಳಿದ್ದಾಗ ಪ್ರತಿ ಮೊಹರಮ್ಮಿಗೂ ಅವಳು ಫಕೀರಳಾಗುತ್ತಿದ್ದಳು. ಮಸೂತಿ ನೋಡಿಕೊಳ್ಳುವ ಮುಜಾವರ ಕಾಶೀಂಸಾಬ ಕೊರಳಿಗೆ ಕೆಂಪು ಲಾಡಿ ಕಟ್ಟಿ, ನವಿಲುಗರಿಯಿಂದ ತಲೆ ಸವರಿ ಕಳಿಸುತ್ತಿದ್ದ. ಹೆಗಲಿಗೆ ಜೋಳಿಗೆ ಹಾಕಿಕೊಂಡು ಐದು ಮನೆ ಬೇಡಿ ಬರುವಷ್ಟರಲ್ಲಿ ಮರಿಯವ್ವ ಚೊಂಗೆ ಬೇಯಿಸಿರುತ್ತಿದ್ದಳು. ಬೆಲ್ಲ ಹಚ್ಚಿದ ಆ ಬಿಸಿ ಚೊಂಗೆಯ ರುಚಿ ಮುಂದೆ ಯಾವ ಹಬ್ಬದ ಹೋಳಿಗೆಯಲ್ಲೂ ಅವಳಿಗೆ ಸಿಗಲಿಲ್ಲ. ಒಂದು ವರ್ಷ ಅಲಾಯಿ ಕುಣಿಯ ಬೆಂಕಿಯಿಂದ ಕಿಡಿ ಸಿಡಿದು ಎಡಗೆನ್ನೆ ಸುಟ್ಟಿತು. ಗಾಯ ಮಾಯ್ದರೂ ಹುಣಸೆಬೀಜದಷ್ಟು ಕಲೆ ಉಳಿಯಿತು. "ದೇವರು ನನ್ನ ಮಗಳಿಗೆ ಮುದ್ದು ಕೊಟ್ಟಾನ" ಎಂದು ಮರಿಯವ್ವ ಓಣಿಗೆಲ್ಲ ಹೇಳಿಕೊಂಡು ತಿರುಗಿದಳು.

ಗೌಂಡಿ ಕೆಲಸದ ದ್ಯಾಮೇಶನನ್ನು ಮದುವೆಯಾಗಿ ಮುಶಿಗೇರಿಗೆ ಬಂದ ಮೇಲೂ ಈ ಹೆಸರು ಅವಳಿಗೆ ಭಾರವಾಗಲಿಲ್ಲ. ಭಾರವಾದದ್ದು ಎರಡು ಸಾವಿರದ ಐದರಲ್ಲಿ. ಆ ವರ್ಷ ಮೊಹರಂ ಮತ್ತು ಪಂಚಾಯಿತಿ ಚುನಾವಣೆ ಒಂದರ ಬೆನ್ನಿಗೆ ಒಂದು ಬಂದವು. ಓಣಿಯ ಸ್ಥಾನ ಹೆಣ್ಣುಮಕ್ಕಳ ಪಾಲಿಗೆ ಬಂದಿತ್ತು. ಊರಿನ ಒಂದು ಗುಂಪಿನ ಮುಖಂಡ ಹೇಮಪ್ಪ ಮನೆಗೇ ಬಂದ.

"ತಂಗಿ, ಸ್ತ್ರೀಶಕ್ತಿ ಸಂಘದ ಹೆಣ್ಮಕ್ಕಳೆಲ್ಲಾ ನಿನ್ನ ಮಾತು ಕೇಳ್ತಾರ. ಈ ಸಲ ನೀನs ನಿಲ್ಲು" ಎಂದ.

ನಾಮಪತ್ರ ಕೊಟ್ಟ ಮೇಲೆ ಗಂಡಹೆಂಡಿರಿಬ್ಬರನ್ನೂ ಗಜೇಂದ್ರಗಡದ ಕಂಪ್ಯೂಟರ್ ಅಂಗಡಿಗೆ ಕರೆದೊಯ್ದ. ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸುವ ಕಾಲ ಹೋಯಿತು, ಈಗೇನಿದ್ದರೂ ಫ್ಲೆಕ್ಸು ಎನ್ನುವುದು ಅವನ ಮಾತು. ಅಂಗಡಿಯ ಹುಡುಗ ಅಲ್ತಾಫ ಅವಳ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ ಹೆಸರು ಕೇಳಿದ.

"ಹುಸೇನವ್ವ ಅಂತ ಬ್ಯಾಡ" ಎಂದ ಹೇಮಪ್ಪ. "ಈಗಿನ ಕಾಲ ಹ್ಯಾಂಗೈತಿ ಗೊತ್ತೈತೆಲ್ಲ. ಓದಿದವರು ಈಕಿ ಯಾರ ಪೈಕಿ ಅಂತ ಅನುಮಾನ ಪಡ್ತಾರ. ರೂಪಾ ಅಂತ ಹಾಕು."

ಅಲ್ತಾಫನ ಬೆರಳು ಗುಂಡಿಗಳ ಮೇಲೆ ನಿಂತವು. "ಅಕ್ಕಾರ, ನೀವೇನಂತೀರಿ?"

ಅವಳು ಗಂಡನ ಮುಖ ನೋಡಿದಳು. ದ್ಯಾಮೇಶ ನೆಲ ನೋಡುತ್ತಿದ್ದ. "ಹಾಕ್ರಿ" ಎಂದಳು.

"ಕೆನ್ನಿ ಮ್ಯಾಲಿನ ಕಲಿ ತಗೀಲೇನ್ರಿ?" ಎಂದ ಅಲ್ತಾಫ.

"ತಗೀ, ತಗೀ" ಎಂದದ್ದೂ ಹೇಮಪ್ಪನೇ.

ಪರದೆಯ ಮೇಲೆ ಸಣ್ಣ ಬಾಣವೊಂದು ಕೆನ್ನೆಯನ್ನು ನಾಲ್ಕು ಸಲ ಉಜ್ಜಿತು. ಕಲೆ ಹೋಯಿತು, ಬಣ್ಣ ತಿಳಿಯಾಯಿತು. ಹುಸೇನವ್ವ ತನಗರಿವಿಲ್ಲದೆ ಕೆನ್ನೆ ಮುಟ್ಟಿಕೊಂಡಳು. ಸುಳ್ಳೇಕೆ, ಒಳಗೊಳಗೆ ಹಿಗ್ಗೂ ಆಗಿತ್ತು. ಇಷ್ಟು ಚಂದ ತನ್ನನ್ನು ತಾನು ಎಂದೂ ನೋಡಿಕೊಂಡಿರಲಿಲ್ಲ. ಹುಬ್ಬಳ್ಳಿಯಲ್ಲಿ ಅಚ್ಚಾಗಿ ಬಂದ ಫ್ಲೆಕ್ಸು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಮಕ್ಕಳು "ರೂಪಕ್ಕಾ" ಎಂದು ಕೂಗಿದರೆ ನಗುತ್ತ ಕೈ ಬೀಸಿದಳು.

ಮೊಹರಂ ಹತ್ತಿರ ಬಂದಾಗ ಮರಿಯವ್ವ ಜಕ್ಕಲಿಯಿಂದ ಬಂದಳು. ಮಗಳು ಬಸ್ಸಿಗೆ ಹೋಗಿ ಗಂಟು ಇಳಿಸಿಕೊಂಡಳು. ಮುದುಕಿ ಫ್ಲೆಕ್ಸಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರ ಮನಿ ಸೊಸಿನ ಇದು? ಭಾಳ ಚಂದ ಅದಾಳ."

ಹುಸೇನವ್ವ ಗಂಟು ಕೆಳಗಿಟ್ಟಳು. "ನಾನs ಯವ್ವಾ."

ಮರಿಯವ್ವ ಹತ್ತಿರ ಹೋದಳು. ಫ್ಲೆಕ್ಸಿನ ಎಡಗೆನ್ನೆಯ ಮೇಲೆ ಕೈಯಾಡಿಸಿದಳು. "ಇಲ್ಲಿದ್ದದ್ದು ಎಲ್ಲಿ ಹೋತು?"

"ಕಂಪ್ಯೂಟರಿನ್ಯಾಗ ತಗದಾರ."

"ಕೆಳಗ ಏನ್ ಬರದಾರ?"

"ರೂಪಾ ಅಂತ."

ಬಯ್ಯುತ್ತಾಳೆ ಎಂದುಕೊಂಡಳು ಮಗಳು. ಮರಿಯವ್ವ ಬಯ್ಯಲಿಲ್ಲ. "ನಡಿ, ಬಿಸಲಾಗೈತಿ" ಎಂದು ಗಂಟು ತಾನೇ ಎತ್ತಿಕೊಂಡು ಮುಂದೆ ನಡೆದಳು. ಆ ದಿನವಿಡೀ ಮೊಮ್ಮಕ್ಕಳ ಜೊತೆ ಮಾತಾಡಿದಳು, ಅಳಿಯನ ಜೊತೆ ಮಾತಾಡಿದಳು. ಮಗಳನ್ನು ಮಾತ್ರ ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ.

ಮರುದಿನ ಹುಸೇನವ್ವ ಹೇಮಪ್ಪನ ಕಟ್ಟೆಗೆ ಹೋದಳು. "ಕಾಕಾ, ಆ ಫ್ಲೆಕ್ಸ್ ಇಳಸ್ರಿ. ನಮ್ಮವ್ವಗ ನನ್ನ ಗುರುತು ಸಿಗಲಿಲ್ಲ."

"ನಿಮ್ಮವ್ವಂದು ಈ ಊರಾಗ ಓಟಿಲ್ಲ" ಎಂದು ಹೇಮಪ್ಪ ನಕ್ಕ. ಅವಳು ನಗದ್ದು ನೋಡಿ ಮುಖ ಬಿಗಿದ. "ಇಳಿಸಿದ್ರ ನಾ ನಿನ್ನ ಹಿಂದ ಬರಾಂಗಿಲ್ಲ."

"ಆತ್ರಿ" ಎಂದು ಬಂದುಬಿಟ್ಟಳು.

ಸಂಜೆ ದ್ಯಾಮೇಶ ಏನೂ ಕೇಳದೆ ಕೆಲಸದ ಏಣಿ ಹೆಗಲ ಮೇಲೆ ಹೊತ್ತು ಬಂದ. ಅವನು ಹಗ್ಗ ಬಿಚ್ಚಿದ, ಅವಳು ಕೆಳಗೆ ಏಣಿ ಹಿಡಿದಳು. "ಅವತ್ತs ನಾ ಬಾಯಿ ಬಿಡಬೇಕಾಗಿತ್ತು" ಎಂದ ಅವನು, ಮೇಲಿನಿಂದಲೇ.

ಆಮೇಲೆ ಅವಳು ಸಂಘದ ಹೆಂಗಸರನ್ನು ಕಟ್ಟಿಕೊಂಡು ಮನೆಮನೆಗೆ ನಡೆದಳು. "ನಾನು ಹುಸೇನವ್ವರಿ, ಹೊಲಿಗೆ ಮಶಿನ್ ಗುರುತು" ಎನ್ನುವಳು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತು ಮುಗಿಸಿದರು. ಮಾಬೂಬಿ ಎಂಬ ಮುದುಕಿ ಮಾತ್ರ ಒಳಗೆ ಕರೆದು ಕೂರಿಸಿ ನೇರವಾಗಿ ಕೇಳಿದಳು: "ನಮ್ಮ ಹೆಸರಿಗೆ ನಾಚಿಕಿ ಬಂತೇನವ್ವಾ ನಿನಗ?"

"ಬಂದಿತ್ತು, ಖರೇ" ಎಂದಳು ಹುಸೇನವ್ವ. "ಈಗ ಹಂಗ ನಾಚಿದ್ದಕ್ಕ ನಾಚಿಕಿ ಬಂದೈತಿ."

ಮಾಬೂಬಿ ಚಹಾ ಕುಡಿಸದೆ ಬಿಡಲಿಲ್ಲ.

ಕೆಲವೇ ಓಟಿನಿಂದ ಸೋತಳು. ಹೇಮಪ್ಪ ಹಿಂದಿದ್ದರೆ ಗೆಲ್ಲುತ್ತಿದ್ದಳು ಎಂದು ಊರು ಆಡಿಕೊಂಡಿತು. ಅದು ಸುಳ್ಳೂ ಅಲ್ಲ. ಅವಳಿಗೆ ಅಳು ಬಂತು, ಅತ್ತಳು. ಮರಿಯವ್ವ ಪಕ್ಕದಲ್ಲಿ ಕೂತು, ತಲೆಗೆ ಎಣ್ಣೆ ಹಚ್ಚಿ, "ಹುಸೇನೀ, ಇನ್ನ ಸಾಕು ಬಿಡ, ಏಳು" ಎಂದಳು. ಬಂದ ಮೇಲೆ ಮೊದಲ ಸಲ ಮಗಳ ಹೆಸರು ಆ ಬಾಯಲ್ಲಿ ಬಂದಿತ್ತು.

ಮರಿಯವ್ವ ಆಮೇಲೆ ಬಹಳ ಕಾಲ ಇರಲಿಲ್ಲ. ಈಗ ಮೊಹರಮ್ಮಿನ ಪದಗಳು ಮೊಬೈಲಿನಲ್ಲೇ ಕೇಳುತ್ತವೆ, ಹುಡುಗರು ಮೆಮರಿ ಕಾರ್ಡಿಗೆ ತುಂಬಿಸಿಕೊಂಡು ಬರುತ್ತಾರೆ. ಹುಸೇನವ್ವ ಕೇಳುತ್ತ ಕೂತರೆ ನೆನಪಾಗುವುದು ತಾಯಿಯ ಕಡೆಯ ಮೊಹರಂ. ಜಕ್ಕಲಿಯಲ್ಲಿ ದೇವರು ಹೊಳೆಗೆ ಹೊರಟಿದ್ದವು, ಹಲಗೆಯ ಸದ್ದಿಗೆ ಕಿವಿ ಕಿವುಡಾಗಿತ್ತು. ಆ ಗದ್ದಲದಲ್ಲಿ ಮಗಳು ಹಿಂದುಳಿದಳೆಂದು ಮರಿಯವ್ವ ಬರಿಗಾಲಲ್ಲಿ ಕಟ್ಟೆ ಹತ್ತಿ, "ಹುಸೇನೀ, ಲಗೂ ಬಾರ!" ಎಂದು ಬಾಯಿ ತುಂಬ ಕೂಗಿದಳು. ಬೀಡಿ ಸೇದುತ್ತಿದ್ದ ಮುದುಕನೊಬ್ಬ, ಕಂಕುಳಲ್ಲಿ ಕೂಸಿದ್ದ ಹೆಂಗಸೊಬ್ಬಳು, ಹಲಗೆ ಹೊಡೆಯುತ್ತಿದ್ದ ಗಂಡಸೊಬ್ಬ, ಹೀಗೆ ಅದೇ ಹರಕೆಯ ಹೆಸರಿನ ನಾಲ್ಕೈದು ಮಂದಿ ಒಟ್ಟಿಗೇ "ಓ" ಎಂದು ತಿರುಗಿ ನೋಡಿದರು. ಮುದುಕಿ ಹೊಟ್ಟೆ ಹಿಡಿದು ನಕ್ಕಳು.