ಅವಧಿ ಬರೆಯದ ಪತ್ರ

ಮಹನೀಯ ವಾಚಕರೇ, ಒಂದು ರಾಷ್ಟ್ರದ ಆಧಿಪತ್ಯವು ಕೈ ಬದಲಿಸಿದ ವೃತ್ತಾಂತವನ್ನು ಅರಿಕೆ ಮಾಡಿಕೊಳ್ಳುವ ಈ ಘಳಿಗೆಯಲ್ಲಿ, ತಾವು ಅರಮನೆಯನ್ನಲ್ಲ, ವಾಷಿಂಗ್ಟನ್ ಬಳಿಯ ಶ್ಯಾಂಟಿಲಿಯ ಒಂದು ಅಡುಗೆಮನೆಯನ್ನು ಕಣ್ಮುಂದೆ ತಂದುಕೊಳ್ಳಬೇಕೆಂದು ಪ್ರಾರ್ಥನೆ. ಅಲ್ಲಿ ಮನೋವೈದ್ಯ ಕೇಶವಮೂರ್ತಿಗಳು ಕಾಫಿ ಲೋಟ ಹಿಡಿದವರು ಹಿಡಿದಂತೆಯೇ ನಿಂತಿದ್ದರು. ಟೀವಿಯಲ್ಲಿ ಕೊರಾಂಬಾ ಎಂಬ ದ್ವೀಪರಾಷ್ಟ್ರದ ಸಂಸತ್ತು. ಸಭಾಧ್ಯಕ್ಷರ ಕೈಯಲ್ಲಿದ್ದದ್ದು ಡಾಕ್ಟರರದೇ ಲೆಟರ್‌ಹೆಡ್.

ಮೂವತ್ತು ವರ್ಷ ಆ ನಾಡನ್ನಾಳಿದ ಮುದುಕ ಅಧ್ಯಕ್ಷ ಹೋದ ವಾರ ತೀರಿಕೊಂಡಿದ್ದ. ಗಾದಿಗೆ ಹಿರಿಯ ಮಗ ಮಾರ್ಸೆಲ್ ಬರಬೇಕಿತ್ತು. ಅವನು ವಾಷಿಂಗ್ಟನ್ನಿನಲ್ಲಿ ಕೆಲಸದಲ್ಲಿದ್ದುಕೊಂಡು ಕೇಶವಮೂರ್ತಿಗಳಿಂದ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ. ಕಿರಿಯವನು ಕರ್ನಲ್ ಲೂಕಾ, ಇಲ್ಲಿನ ಅವರ ರಾಯಭಾರ ಕಚೇರಿಯ ಸೇನಾಧಿಕಾರಿ. ತಿಂಗಳ ಹಿಂದೆ, ತನ್ನ ವೈದ್ಯರೊಡನೆ ಮಾತಾಡಲು ಅಣ್ಣ ಕೊಟ್ಟ ಒಪ್ಪಿಗೆ ಪತ್ರ ಹಿಡಿದು ಇದೇ ಅಡುಗೆಮನೆಗೆ ಬಂದು, ಡಾಕ್ಟರರ ಹೆಂಡತಿ ಜಯಾ ಬಡಿಸಿದ ಬಿಸಿಬೇಳೆಬಾತನ್ನು ಎರಡನೆಯ ಸಲ ಹಾಕಿಸಿಕೊಂಡಿದ್ದ. ಬೆಂಗಳೂರಿನಲ್ಲಿ ತರಬೇತಿ ಪಡೆದವನು. ‘ಅಂಕಲ್’ ಎನ್ನುವುದನ್ನು ಅಲ್ಲೇ ಕಲಿತಿದ್ದ.

"ಅಣ್ಣನ ರಜೆಗೊಂದು ಪತ್ರ ಬೇಕು, ಅಂಕಲ್. ಎಷ್ಟು ದಿನ ಅಂತ ಈಗಲೇ ಬರೆಯಬೇಡಿ. ಟಿಕೆಟ್ ಇನ್ನೂ ಆಗಿಲ್ಲ."

ಪರಿಚಯದ ಕನ್ನಡಿಗರಿಗೆಲ್ಲ ಡಾಕ್ಟರರು ಹಾಗೆಯೇ ಕೊಡುತ್ತಿದ್ದರು: ಅವಧಿಯ ಜಾಗ ಖಾಲಿ, ಕೆಳಗೆ ಸಹಿ. ಮದುವೆಗೋ ಬಾಣಂತನಕ್ಕೋ ಹೋಗುವವರು ಬೇಕಾದಷ್ಟು ದಿನ ತುಂಬಿಕೊಳ್ಳಲಿ ಎಂದು. ಈಗ ಸಭಾಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ಓದಿದರು: "ರೋಗಿಯು ಜೀವಮಾನ ಪರ್ಯಂತ ಯಾವ ಹೊಣೆಯನ್ನೂ ಹೊರಲಾರನು."

ಸದಸ್ಯರೆಲ್ಲ ಎದ್ದು ನಿಂತರು. ಪದಕಗಳ ಎದೆ ಸೆಟೆಸಿ ಲೂಕಾ ಪ್ರಮಾಣವಚನಕ್ಕೆ ಕೈಯೆತ್ತಿದ.

"ಬ್ಲಾಂಕ್ ಬಿಟ್ಟು ಸೈನ್ ಮಾಡಿದ್ರಾ?" ಜಯಾ ಸೌಟು ಕೆಳಗಿಟ್ಟರು. "ನಮ್ಮ ಈರಣ್ಣನ ಮಗಳ ಮದುವೆ ಲೀವು ಅನ್ಕೊಂಡ್ರೇನ್ರೀ?"

"ಹುಡುಗ ಒಳ್ಳೆಯವನ ಥರ ಕಂಡ ಕಣೇ."

"ಎರಡು ಸಲ ಹಾಕಿಸ್ಕೊಂಡು ತಿಂದ್ರೆ ಒಳ್ಳೆಯವನಾ?"

ಅಂದೇ ಡಾಕ್ಟರರು ರಾಯಭಾರ ಕಚೇರಿಗೂ ಪತ್ರಿಕೆಗಳಿಗೂ ಎರಡನೆಯ ಪತ್ರ ಬರೆದರು: ತಮ್ಮ ಮನಸ್ಸಿನಲ್ಲಿದ್ದದ್ದು ಎರಡು ವಾರ ಮಾತ್ರ, ರೋಗಿ ಚೇತರಿಸಿಕೊಳ್ಳುತ್ತಿದ್ದಾನೆ. ಪತ್ರಿಕೆಯೊಂದು ಒಳಪುಟದಲ್ಲಿ ನಾಲ್ಕು ಸಾಲು ಹಾಕಿತು. ರಾಯಭಾರ ಕಚೇರಿ ಉತ್ತರಿಸಲಿಲ್ಲ. ಗುರುವಾರ, ತಂದೆಯ ಉತ್ತರಕ್ರಿಯೆಯ ನೆಪದಲ್ಲಿ ಮಾರ್ಸೆಲ್‌ನನ್ನು ಡಲಸ್ ವಿಮಾನ ನಿಲ್ದಾಣದಿಂದ ಕರೆದೊಯ್ದು ಕೊರಾಂಬಾದ ಸೇನಾ ಆಸ್ಪತ್ರೆಯಲ್ಲಿ ಇರಿಸಿದರು. ಶನಿವಾರ ಅವನ ಹೆಂಡತಿಯ ಫೋನು ಬಂತು. ದನಿಯಲ್ಲಿ ಅಳುವೂ ಉಳಿದಿರಲಿಲ್ಲ.

"ನನ್ನನ್ನೂ ಒಳಗೆ ಬಿಡುತ್ತಿಲ್ಲ, ಡಾಕ್ಟರ್. ನಿಮ್ಮೊಬ್ಬರನ್ನು ಮಾತ್ರ ಬಿಡುತ್ತಾರಂತೆ."

ಅರ್ಧ ಗಂಟೆಯ ಮೇಲೆ ಹೊಸ ಅಧ್ಯಕ್ಷ ಲೂಕಾನೇ ಫೋನಿನಲ್ಲಿ ಮಾತಾಡಿದ. "ಬನ್ನಿ ಅಂಕಲ್. ಅಣ್ಣನನ್ನು ನೀವೇ ನೋಡಿಕೊಳ್ಳಿ. ವೀಸಾ ರೆಡಿ ಇದೆ."

"ಹೋಗ್ಬೇಡಿ," ಎಂದರು ಜಯಾ. "ಕ್ಯಾಮರಾ ಇಟ್ಕೊಂಡು ಕಾಯ್ತಿರ್ತಾರೆ. ಅಮೆರಿಕದ ಡಾಕ್ಟರೇ ಟ್ರೀಟ್ ಮಾಡ್ತಿದಾರೆ ಅಂತ ಪ್ರಪಂಚಕ್ಕೆಲ್ಲ ತೋರಿಸ್ತಾರೆ."

"ಗೊತ್ತು."

"ಮತ್ತೆ?"

"ನಾನೂ ಹೋಗ್ದಿದ್ರೆ, ಅವನು ಇದಾನೋ ಇಲ್ವೋ ನೋಡೋರು ಯಾರೇ?"

ಜಯಾ ನಾಲ್ಕು ಅಂಗಿ, ರಕ್ತದೊತ್ತಡದ ಮಾತ್ರೆ, ಒಂದು ಸ್ವೆಟರು ಪೆಟ್ಟಿಗೆಗೆ ತುಂಬಿ ಜಿಪ್ ಎಳೆದರು. ಹೊರಗೆ ರಾಯಭಾರ ಕಚೇರಿಯ ಕಾರು ಎಂಜಿನ್ ಆರಿಸದೆ ನಿಂತಿತ್ತು. ಚಾಲಕ ಕೆಳಗಿಳಿದು, ಸಲ್ಯೂಟ್ ಹೊಡೆದು, ಹಿಂದಿನ ಬಾಗಿಲನ್ನು ತೆರೆದು ಹಿಡಿದ.