ಕೆರೆಗೆ ಬಿಟ್ಟ ವಾಹನ

ಶುಕ್ರವಾರ ಅಣ್ಣನನ್ನು ನೋಡಲು ತೋಟಕ್ಕೆ ಹೋದಾಗ ಕೆರೆಯ ಒಂದು ದಡ ಪೂರ್ತಿ ಬೋಳಾಗಿತ್ತು. ಆಳೆತ್ತರದ ಜೊಂಡನ್ನು ಇಲಿಯಂಥ ಆ ದೊಡ್ಡ ಪ್ರಾಣಿಗಳು ಬುಡದಲ್ಲೇ ಕಡಿದು ಹಾಕಿದ್ದವು. ನೀರುಕೋಳಿಗಳು ಗೂಡು ಕಟ್ಟುತ್ತಿದ್ದದ್ದು ಅಲ್ಲೇ. ಈಗ ಒಡೆದ ಮೊಟ್ಟೆಗಳಿಗೆ ಇರುವೆ ಮುತ್ತಿತ್ತು. ಬಿಲ ತೋಡಿ ತೋಡಿ ದಡ ಕುಸಿದು, ಸಿಹಿನೀರು ಮರಳಿಗೆ ಸೋರುತ್ತಿತ್ತು.

ಅಲ್ ಐನ್ ರಸ್ತೆಯ ಆಚೆ, ಮರಳಿನ ನಡುವೆ ಎಲ್ಲರೂ ಅರ್ಬಾಬ್ ಎನ್ನುವ ಅರಬ್ ಯಜಮಾನ ಪೈಪಿನಲ್ಲಿ ನೀರು ತರಿಸಿ ತುಂಬಿಸಿದ ಕೆರೆ ಅದು. ಜೊಂಡು ನೆಟ್ಟವನು, ಮೀನು ಬಿಟ್ಟವನು ನನ್ನ ಅಣ್ಣ ಮೋಹನದಾಸ. ಹಕ್ಕಿಗಳು ತಾವಾಗಿ ಬಂದವು.

"ನೀನು ಮಲಗಿದ್ದೆಯಾ ಮಾರಾಯ?" ತೋಟದ ಮ್ಯಾನೇಜರ್ ಅಬ್ದುಲ್ ಸಲಾಂ ಅವನಿಗೆ ಬೈಯುತ್ತಿದ್ದರು. ಬಂಟ್ವಾಳದವರು, ಸಿಟ್ಟು ಬಂದರೂ ನಮ್ಮ ಭಾಷೆಯೇ. "ನಾಳೆ ಅರ್ಬಾಬ್ ಬರ್ತಾರೆ. ಈ ದರಿದ್ರ ಪ್ರಾಣಿ ಎಲ್ಲಿಂದ ಬಂತು ಅಂತ ನಾನು ಎಂತ ಹೇಳ್ಲಿ? ನೀನೇ ತಂದು ಸಾಕಿದ್ದು ಅಂತಾರೆ. ಮತ್ತೆ ಖಲಾಸ್, ವೀಸಾ ಕ್ಯಾನ್ಸಲ್."

ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಎಲ್ಲಿಂದ ಬಂತು ಎಂದು ಅವನಿಗೆ ಗೊತ್ತಿತ್ತು. ಹೇಳಿದರೆ ನನ್ನ ಕೆಲಸ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದ.

ನಾನು ಪೇಟೆಯ ಅಲ್ ಕುಸೈಸಿನಲ್ಲಿ ಮೈಸೂರಿನ ದ್ವಾರಕನಾಥ ಸರ್ ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದೆ. ಮಗಳು ನಿಸರ್ಗಳಿಗೆಂದು ಅವರು ಪ್ರಾಣಿ ಮಾರುವ ಅಂಗಡಿಯಿಂದ ಯಾವುದೋ ನೀರಿಲಿಯ ಎರಡು ಮರಿ ತಂದಿದ್ದರು. ಇಲಿಯಂತೆ ಬಾಲ, ಬಾತುಕೋಳಿಯಂತೆ ಹಿಂಗಾಲು, ನೀರಿದ್ದರೆ ಸಾಕು. ಚಿಕ್ಕದಾಗಿಯೇ ಇರುತ್ತವೆ ಎಂದಿದ್ದನಂತೆ ಅಂಗಡಿಯವನು. ಅವು ಬೆಕ್ಕಿಗಿಂತ ದೊಡ್ಡವಾದವು. ಹಲ್ಲು ಕಿತ್ತಳೆ ಬಣ್ಣಕ್ಕೆ ತಿರುಗಿತು. ಬಾತ್‌ರೂಮಿನ ಬಾಗಿಲು ಕೊರೆದವು. ಆ ನಾತ ತೊಳೆಯುವವಳು ನಾನು. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ.

"ಸಾಯ್ಸೋದಾ? ಛೀ! ಇಲಿ ಕಣ್ರೀ, ಗಣಪತಿ ವಾಹನ" ಎಂದರು ಸರ್ ಹೆಂಡತಿ ಪ್ರಾರ್ಥನಕ್ಕ.

ಪ್ರತಿ ಚೌತಿಗೂ ಆ ಮನೆಯ ಪುಟ್ಟ ಮಣ್ಣಿನ ಗಣಪತಿಯನ್ನು ಬಕೆಟ್ಟಿನಲ್ಲಿ ಬಿಟ್ಟು, ನೀರನ್ನು ಬಾಲ್ಕನಿಯ ಗಿಡಕ್ಕೆ ಹಾಕುತ್ತಿದ್ದರು. ಆ ವರ್ಷ ಮಾತ್ರ ಅಣ್ಣನ ಕೆರೆ ನೆನಪಾಯಿತು. ಮೂರ್ತಿಯ ಜೊತೆ ಪಂಜರವನ್ನೂ ಕಾರಿಗೇರಿಸಿದರು.

"ಅಕ್ಕ, ಅಲ್ಲಿ ಹಕ್ಕಿ ಉಂಟು, ಇವು ಬೇಡ" ಎಂದೆ.

"ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟವಳು ನಂಗೆ ಶಾಸ್ತ್ರ ಹೇಳ್ಕೊಡ್ತಾಳೆ, ಕೇಳಿದ್ರಾ?" ಅಕ್ಕ ನಕ್ಕರು, ಸರ್ ಕೂಡ. ಅಣ್ಣ ಚಹಾ ತರಲು ಹೋದಾಗ ಪಂಜರ ತೆರೆದರು. ಕೈಮುಗಿದರು. ಫೋಟೋ ತೆಗೆದುಕೊಂಡರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಜೋಡಿ ಮಂದೆಯಾಯಿತು. ಅಣ್ಣ ಬೋನಿಟ್ಟು ಹಿಡಿದಷ್ಟೂ ಹುಟ್ಟುತ್ತಿದ್ದವು.

ಆ ಶುಕ್ರವಾರ ಸಂಜೆಯೇ ತೋಟದಿಂದ ಮನೆಗೆ ಬಂದು ಸರ್ ಎದುರು ನಿಂತೆ. ಮ್ಯಾನೇಜರಿಗೆ ಒಂದು ಮಾತು ಹೇಳಿ ಎಂದು ಕೇಳಿದೆ.

"ನನ್ನ ಹೆಸರು ಯಾಕಮ್ಮ ಎಳೀತೀಯ? ಪೊಲೀಸು ಗಿಲೀಸು ಅಂತ ಆದ್ರೆ? ಕೆರೆ ನೋಡ್ಕೊಳ್ಳೋದು ನಿಮ್ಮಣ್ಣನ ಡ್ಯೂಟಿ. ಹಿಡಿದು ಸಾಯಿಸ್ಲಿ."

"ರೀ, ಶುಕ್ರವಾರ ದೀಪ ಹಚ್ಚಿದೀನಿ, ಸಾಯಿಸೋ ಮಾತು ಆಡ್ಬೇಡಿ" ಎಂದರು ಅಕ್ಕ.

ಪುಣ್ಯವೆಲ್ಲ ಇವರೇ ಇಟ್ಟುಕೊಂಡು ಪಾಪವನ್ನು ಅಣ್ಣನಿಗೆ ಕಳಿಸುತ್ತಿದ್ದರು. ಆ ಮನೆಯಲ್ಲಿ ಕೇಳದೆ ನಾನು ಒಂದು ಲೋಟವನ್ನೂ ಮುಟ್ಟಿದವಳಲ್ಲ. ಅವರ ಫೋನನ್ನೇ ಎತ್ತಿ ತೋಟದ ನಂಬರು ಒತ್ತಿದೆ.

"ಸಲಾಂ ಭಾಯ್, ನಾನು ಮೋಹನನ ತಂಗಿ ಲೋಲಾಕ್ಷಿ. ಆ ಪ್ರಾಣಿ ಬಿಟ್ಟದ್ದು ದ್ವಾರಕನಾಥ ಸರ್. ನಾನು ಕಂಡಿದ್ದೇನೆ. ಫೋಟೋ ಕೂಡ ಉಂಟು. ಇಗೊಳ್ಳಿ, ಅವರೇ ಮಾತಾಡ್ತಾರೆ."

"ನಿನ್ನ ವೀಸಾ ನಮ್ಮ ಹೆಸರಲ್ಲಿದೆ, ನೆನಪಿರಲಿ!" ಅಕ್ಕ ಕಿರುಚಿದರು.

"ಕ್ಯಾನ್ಸಲ್ ಮಾಡಿ" ಎಂದೆ.

ಸರ್ ಫೋನ್ ತೆಗೆದುಕೊಂಡರು. "ಹೌದು... ಹೌದು, ನಾವೇ... ಗೊತ್ತಿರಲಿಲ್ಲ ನಮಗೆ..."

ಮರುದಿನ ಸರ್ ತೋಟಕ್ಕೆ ಬಂದಾಗ, ಕೆಲಸ ಹೋದ ನನ್ನ ಪೆಟ್ಟಿಗೆಯೂ ಅದೇ ಕಾರಿನಲ್ಲಿತ್ತು. ಅರ್ಬಾಬ್ ಎಲ್ಲ ಕೇಳಿಸಿಕೊಂಡು, ಕೆರೆಯ ಸುತ್ತ ನಡೆದು ಬಂದು ಅರಬ್ಬಿಯಲ್ಲಿ ಎರಡು ಮಾತು ಆಡಿ ಹೊರಟುಹೋದರು. ಅಬ್ದುಲ್ ಸಲಾಂ ನಮಗೆ ಹೇಳಿದರು: "ಮೋಹನನ ಕೆಲಸ ಹೋಗುದಿಲ್ಲ. ಆದ್ರೆ ಒಂದೂ ಉಳೀಬಾರ್ದು."

ದಡದ ಮೇಲೆ ಬೋನು. ಒಳಗೆ ತಾಯಿ, ಹೊಟ್ಟೆಯ ಕೆಳಗೆ ಒತ್ತಿಕೊಂಡ ಮರಿಗಳು. ಅವುಗಳ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ಅಣ್ಣ ಬೆವರು ಒರೆಸಿಕೊಂಡು ದೊಣ್ಣೆ ಎತ್ತಿಕೊಳ್ಳಲು ಬಗ್ಗಿದ. ಸರ್ ಬೇರೆ ಕಡೆ ತಿರುಗಿ ಕಾರಿನ ಕೀ ಹುಡುಕುತ್ತಿದ್ದರು.

"ಅಣ್ಣ, ನೀನು ಮುಟ್ಟಬೇಡ."

ದೊಣ್ಣೆಯನ್ನು ನಾನೇ ಎತ್ತಿ ಸರ್ ಮುಂದೆ ಚಾಚಿದೆ. ಅವರು ನನ್ನ ಮುಖ ನೋಡಿದರು. ನಾನೂ ನೋಡಿದೆ. ಅವರು ಹಿಡಿಯುವ ತನಕ ಕೈ ಇಳಿಸಲಿಲ್ಲ.